ನನ್ನ ಜಾಗದಲ್ಲಿ ಕೂತ ಟೀಚರ್

ಅವರು ಯಾರ ಮಾತು ಕೇಳುವಾಗಲೂ ಮುಖ ನೋಡುತ್ತಿರಲಿಲ್ಲ. ಬಲಗಿವಿಯನ್ನು ಮಾತಾಡುವವರ ಕಡೆ ತಿರುಗಿಸಿ, ಕಣ್ಣನ್ನು ನೆಲದ ಮೇಲೆ ನೆಟ್ಟು, ಕತ್ತನ್ನು ಒಂದಿಷ್ಟು ಓರೆಮಾಡಿ ಕೂರುತ್ತಿದ್ದರು. ಎಡಗಿವಿ ಹೆಚ್ಚೂಕಡಿಮೆ ಕೇಳಿಸುತ್ತಿರಲಿಲ್ಲ. ಹತ್ತಾರು ಟೈಪ್‌ರೈಟರ್‌ಗಳು ಒಟ್ಟಿಗೆ ಬಡಿದುಕೊಳ್ಳುವ ಕೋಣೆಯಲ್ಲಿ ಆ ಕಿವಿಯನ್ನು ಯಂತ್ರಗಳ ಕಡೆಗೆ ಕೊಟ್ಟು ಅರ್ಧ ಆಯುಷ್ಯ ಕೂತದ್ದರ ಫಲ ಅದು. ಹೊಸಬರಿಗೆ ಇದು ಅಸಡ್ಡೆಯಂತೆ ಕಾಣುತ್ತಿತ್ತು. ನನ್ನನ್ನು ಸೇರಿಸಲು ಬಂದ ದಿನ ನಮ್ಮಮ್ಮ ಮೆಟ್ಟಿಲಿಳಿಯುತ್ತಲೇ, "ಏನ್ ದಿಮಾಕು ಆಯಮ್ಮಂಗೆ, ಮುಖ ಕೊಟ್ಟು ಮಾತಾಡಲ್ಲ" ಎಂದಿದ್ದಳು.

ನಮ್ಮ ಟೈಪಿಂಗ್ ಟೀಚರ್ ಅವರು. ಲಷ್ಕರ್ ಮೊಹಲ್ಲಾದಲ್ಲಿ ಹಾಸಿಗೆ ಅಂಗಡಿಯೊಂದರ ಮಹಡಿಯ ಮೇಲೆ ಅವರ ಇನ್‌ಸ್ಟಿಟ್ಯೂಟ್. ಕೆಳಗೆ ಹತ್ತಿ ಹಿಂಜುವ ಸದ್ದು, ಮೇಲೆ ಟೈಪಿನ ಸದ್ದು. ಬೆಳಗಿನ ಬ್ಯಾಚ್ ಮುಗಿಸಿ ಮನೆಗೆ ಹೋದರೆ ತಲೆಗೂದಲಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿತ್ತು. ಟೀಚರ್ ಎಂದರೆ ಹಣೆಯ ತುಂಬ ವಿಭೂತಿ, ತೆಳು ವಾಯಿಲ್ ಸೀರೆ, ಮದುವೆಯಾಗದ ಹೆಂಗಸು. ಎಸ್ಸೆಸ್ಸೆಲ್ಸಿಗಿಂತ ಮುಂದೆ ಓದಿರಲಿಲ್ಲ. ಇಂಗ್ಲಿಷನ್ನು ಅವರು ಕಲಿತದ್ದು ಊರವರ ಅರ್ಜಿ, ಮಠದ ಶಾಲೆಯ ಪತ್ರ, ಕೋರ್ಟಿನ ಅಫಿಡವಿಟ್ಟುಗಳನ್ನು ಟೈಪು ಮಾಡಿ ಮಾಡಿ.

ನಾನು ಪಿಯುಸಿ ರಜೆಯಲ್ಲಿ ಅವರಲ್ಲಿ ಕಲಿತೆ. ಒಂದು ದಿನ ಮುದುಕರೊಬ್ಬರು ಕೊಳಾಯಿಯ ವಿಷಯವಾಗಿ ನಗರಪಾಲಿಕೆಗೆ ಅರ್ಜಿ ಹೊಡೆಸಲು ಬಂದರು. ಟೀಚರ್ ನನಗೆ ಕೊಟ್ಟರು. ಮುದುಕರು ಹೇಳಿದ್ದು, "ನೀರು ಬತ್ತದೆ, ಆದ್ರೆ ಬರಲ್ಲ." ನಾನು ಜಾಣತನ ತೋರಿಸಿ, "ನೀರಿನ ಸರಬರಾಜು ಅನಿಯಮಿತವಾಗಿದ್ದು ನಾಗರಿಕರು ತೀವ್ರ ಬವಣೆಗೆ ಒಳಗಾಗಿದ್ದಾರೆ" ಎಂದು ಹೊಡೆದೆ. ಟೀಚರ್ ಅದನ್ನು ಮುದುಕರಿಗೆ ಓದಿಹೇಳಿ, "ಇದು ನೀವು ಹೇಳಿದ್ದೇನಾ?" ಎಂದು ಕೇಳಿದರು. ಅವರು ತಲೆ ಕೆರೆದುಕೊಂಡು, "ಬಲು ಚೆನ್ನಾಗದೆ ಕಣ್ರವ್ವ. ಆದ್ರೆ ನಂದಲ್ಲ ಅನ್ಸುತ್ತೆ" ಎಂದರು.

ಟೀಚರ್ ನಗಲಿಲ್ಲ. ಹೊಸ ಹಾಳೆ ತೆಗೆದು ಮೆಷಿನ್ನಿಗೆ ಏರಿಸಿ ನನ್ನ ಮುಂದೆ ತಳ್ಳಿದರು.

"ಇದ್ದದ್ದು ಇದ್ದ ಹಾಗೆ ಹೊಡಿ. ಅರ್ಜಿ ಅವ್ರದ್ದು. ಬೆರಳು ಮಾತ್ರ ನಿಂದು."

ಆ ಮಾತು ನನಗೆ ಆಗ ಒಬ್ಬ ಟೈಪಿಸ್ಟಿನ ಸಣ್ಣತನವಾಗಿ ಕಂಡಿತು. ನಾನು ಟೈಪಿಸ್ಟ್ ಆಗುವವಳಲ್ಲ ಎಂಬುದು ನನಗೆ ಆಗಲೇ ಗೊತ್ತಿತ್ತು.

ನಮ್ಮದು ನಂಜನಗೂಡಿನ ಆಚೆಯ ಹಳ್ಳಿಯ ಒಕ್ಕಲು ಮನೆತನ. ಅಪ್ಪ ಮೈಸೂರಿಗೆ ಬಂದು ರಾಮಕೃಷ್ಣನಗರದಲ್ಲಿ ಮನೆ ಮಾಡಿದ ಮೇಲೆ ನಮ್ಮ ಇಡೀ ಬಳಗದಲ್ಲಿ ಇಂಗ್ಲಿಷ್ ಮಾತಾಡಲು ಕಲಿತವಳು ನಾನೊಬ್ಬಳೇ. ಎಂ.ಎ.ಯಲ್ಲಿ ಚಿನ್ನದ ಪದಕ ಬಂತು, ಖಾಸಗಿ ಕಾಲೇಜಿನಲ್ಲಿ ಉಪನ್ಯಾಸಕಿಯಾದೆ. ಇಂಗ್ಲಿಷ್ ನನ್ನ ಆಸ್ತಿ. ಅದರ ಮೇಲೆ ಬೇರೆ ಯಾರ ಕೈ ಬಿದ್ದರೂ ನನಗೆ ಆಗುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲ. ಅಂತರರಾಷ್ಟ್ರೀಯ ಮಾನವ ಹಕ್ಕುಗಳ ತನಿಖೆಗಾಗಿ ವಿದೇಶದಿಂದ ಒಬ್ಬ ಹೆಂಗಸು ನಮ್ಮ ದೇಶಕ್ಕೆ ಬಂದಿದ್ದರು. ಹಿಂದೆ ತಮ್ಮ ದೇಶದಲ್ಲಿ ನ್ಯಾಯಾಧೀಶೆಯಾಗಿದ್ದವರಂತೆ. ಮೂರು ದಿನ ಮೈಸೂರಿನಲ್ಲಿದ್ದು, ಕಾಡಂಚಿನ ಹಳ್ಳಿಗಳ ಜನರ ಹೇಳಿಕೆ ಪಡೆಯುವುದು ಅವರ ಕೆಲಸ. ಕಾಡುಗಳ್ಳನೊಬ್ಬನನ್ನು ಹುಡುಕುತ್ತಿದ್ದ ಪೊಲೀಸರು ಅಲ್ಲಿಯ ಗಂಡಸರನ್ನು ವಿಚಾರಣೆಗೆಂದು ತಮ್ಮ ಶಿಬಿರಕ್ಕೆ ಕರೆದೊಯ್ದಿದ್ದರು. ಕೆಲವರು ಮರಳಿರಲಿಲ್ಲ. ಮರಳಿದ ಕೆಲವರು ಉಳಿದಿರಲಿಲ್ಲ. ಯಾದವಗಿರಿಯಲ್ಲಿ ಒಬ್ಬ ಹಿರಿಯ ವಕೀಲರು ಆ ಮನೆಗಳ ಹೆಂಗಸರ ಪರವಾಗಿ ಓಡಾಡುತ್ತಿದ್ದರು. ತಮ್ಮ ಬಂಗಲೆಯ ಹಾಲನ್ನೇ ಬಿಟ್ಟುಕೊಟ್ಟು, ಭಾಷಾಂತರ ಮಾಡಲು ನನ್ನನ್ನು ಕರೆದರು.

"ಹಳ್ಳಿ ಮಾತೂ ಗೊತ್ತು, ಇಂಗ್ಲಿಷೂ ಗೊತ್ತು. ನಿನ್ನ ಬಿಟ್ರೆ ಈ ಊರಲ್ಲಿ ಇನ್ಯಾರಿದಾರೆ ಕಣಮ್ಮ?" ಎಂದರು.

ನಾನೂ ಹಾಗೇ ಅಂದುಕೊಂಡಿದ್ದೆ. ಆ ಮೂರು ದಿನದ ಆಚೆಗೆ ನನ್ನ ಕನಸು ಎಲ್ಲಿಗೋ ಹೋಗಿತ್ತು. ಆಕೆ ನನ್ನನ್ನು ಮೆಚ್ಚುತ್ತಾರೆ, ಹೊರದೇಶದ ದೊಡ್ಡ ಸಭಾಂಗಣದಲ್ಲಿ ಭಾಷಾಂತರ ಕೇಳಲು ಕಿವಿಗೆ ಯಂತ್ರ ಹಾಕಿಕೊಂಡವರ ಮುಂದೆ ನಾನು ಮಾತಾಡುತ್ತೇನೆ, ಹೀಗೆ. ಅಮ್ಮನ ಹಸಿರು ರೇಷ್ಮೆ ಸೀರೆ ಉಟ್ಟು ಹೋದೆ. ಗಂಡಂದಿರನ್ನು ಕಳೆದುಕೊಂಡ ಹೆಂಗಸರ ಎದುರಿಗೆ ಅದನ್ನು ಉಟ್ಟು ಕೂರುವುದು ಹೇಗೆ ಎಂಬ ಯೋಚನೆ ನನಗೆ ಬರಲಿಲ್ಲ.

ಹಾಲಿನ ಮೂಲೆಯಲ್ಲಿ ಎರಡು ಟೈಪ್‌ರೈಟರ್ ಇಟ್ಟುಕೊಂಡು ನಮ್ಮ ಟೀಚರ್ ಕೂತಿದ್ದರು. ಒಂದು ಕನ್ನಡದ್ದು, ಒಂದು ಇಂಗ್ಲಿಷಿನದು. ಹೇಳಿಕೆಗಳನ್ನು ಎರಡೂ ಭಾಷೆಯಲ್ಲಿ ಹೊಡೆಯಲು ವಕೀಲರು ಅವರನ್ನು ಕರೆಸಿದ್ದರು. ನನ್ನನ್ನು ನೋಡಿ ತಲೆಯಾಡಿಸಿದರು. ಹಳೆಯ ಶಿಷ್ಯೆ ಇಷ್ಟು ಎತ್ತರಕ್ಕೆ ಬಂದಳಲ್ಲ ಎಂದು ಅವರಿಗೆ ಹೆಮ್ಮೆಯಾಗಿರಬೇಕೆಂದು ನಾನು ಎಣಿಸಿದೆ.

ಮೊದಲು ಬಂದವಳು ಒಬ್ಬ ವಿಧವೆ. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಕುರ್ಚಿಯ ತುದಿಯಲ್ಲಿ ಕೂತು, ಒಂದೊಂದೇ ಮಾತು ಹೇಳಿದಳು.

"ಕರ್ಕ ಹೋದಾಗ ನಡ್ಕ ಹೋದ. ಬಂದಾಗ ಎತ್ಕ ಬಂದ್ರು. ಒಡುದ್ರು ಅಂತ ಜೊತೇಲಿದ್ದೋರು ಏಳುದ್ರು. ನಾ ಕಣ್ಣಾರ ನೋಡ್ನಿಲ್ಲ ಕನವ್ವ. ಅಂಗಾಲು ಮಾತ್ರ ನೋಡ್ದಿ. ಸುಟ್ಟ ಬದ್ನೇಕಾಯಿ ಆದಂಗಾಗಿದ್ದೊ."

ಅವಳ ಕತೆ ನನಗೆ ಮೊದಲೇ ವಕೀಲರಿಂದ ಗೊತ್ತಿತ್ತು. ಅವಳ ಮಾತು ನಿಂತೊಡನೆ ನಾನು ಇಂಗ್ಲಿಷಿನಲ್ಲಿ ಶುರುಮಾಡಿದೆ. ಕಣ್ಣೆದುರೇ ನನ್ನ ಗಂಡನನ್ನು ಬಡಿದರು, ಬಡಿದು ಎಳೆದೊಯ್ದರು, ಮರಳಿ ಬಂದದ್ದು ನನ್ನ ಗಂಡನಲ್ಲ, ಸಿಡಿಲು ಹೊಡೆದ ಮರ ಎಂದೆ. ಬದನೆಕಾಯಿ ನನಗೆ ಆ ಹಾಲಿಗೆ ತಕ್ಕುದಾಗಿ ಕಾಣಲಿಲ್ಲ. ವಾಕ್ಯಗಳು ತಾವೇ ಬಂದವು. ವಿದೇಶಿ ಹೆಂಗಸು ಬರೆಯುತ್ತಿದ್ದವರು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು. ನನ್ನ ಜೀವನದಲ್ಲಿ ಅಷ್ಟು ಸಂತೋಷ ನನಗೆ ಪದಕ ಬಂದಾಗಲೂ ಆಗಿರಲಿಲ್ಲ.

ಮೂಲೆಯಲ್ಲಿ ಟೈಪಿನ ಸದ್ದು ನಿಂತುಹೋಗಿತ್ತು.

ಟೀಚರ್ ನೆಲ ನೋಡುತ್ತಲೇ, "ಸ್ವಲ್ಪ ತಡಿಯಮ್ಮ. ಆಯಮ್ಮ ನೋಡ್ಲಿಲ್ಲ ಅಂದ್ರು" ಎಂದರು.

"ಅದೇ ಅರ್ಥ ಟೀಚರ್" ಎಂದೆ.

"ಅದೇ ಅಲ್ಲ."

ಆಮೇಲೆ ಆ ವಿದೇಶಿ ಹೆಂಗಸಿನ ಕಡೆ ಬಲಗಿವಿ ತಿರುಗಿಸಿ, ತಮ್ಮ ಅಫಿಡವಿಟ್ ಇಂಗ್ಲಿಷಿನಲ್ಲಿ, ಒಂದೊಂದೇ ಮಾತಾಗಿ ಹೇಳಿದರು. ಹೊಡೆದದ್ದನ್ನು ಅವಳು ನೋಡಲಿಲ್ಲ. ಬೇರೆಯವರು ಹೇಳಿದರು. ಅವಳು ನೋಡಿದ್ದು ಅಂಗಾಲು. ಅಂಗಾಲು ಬೆಂಕಿಯಲ್ಲಿ ಸುಟ್ಟ ಬದನೆಕಾಯಿಯ ಹಾಗೆ ಇತ್ತು. ಅಷ್ಟೇ. ವ್ಯಾಕರಣ ಎರಡು ಕಡೆ ತಪ್ಪಿತ್ತು. ನಾನು ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ವಿದೇಶಿ ಹೆಂಗಸು ತಾವು ಬರೆದಿದ್ದ ಇಡೀ ಪುಟಕ್ಕೆ ಅಡ್ಡಗೀಟು ಎಳೆದರು. ಸಿಟ್ಟು ಮಾಡಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ವಕೀಲರು ನನ್ನನ್ನು ಪಕ್ಕಕ್ಕೆ ಕರೆದು, "ಇನ್ಮೇಲೆ ಟೀಚರೇ ಮಾತಾಡ್ಲಿ ಅಂತ ಅವ್ರು ಹೇಳ್ತಿದಾರೆ. ಬೇಜಾರ್ ಮಾಡ್ಕೋಬೇಡ. ಹೊರಗಡೆ ಕಾಯೋ ಹೆಂಗಸರನ್ನ ನೋಡ್ಕೊಳ್ಳೋಕೂ ಯಾರಾದ್ರೂ ಬೇಕಲ್ಲ" ಎಂದರು.

ಆ ಮಧ್ಯಾಹ್ನ ಮತ್ತು ಉಳಿದೆರಡು ದಿನ ನಾನು ಜಗಲಿಯಲ್ಲಿ ಉಪ್ಪಿಟ್ಟು ಹಂಚಿದೆ, ಟೀ ಹಂಚಿದೆ. ಹಾಲಿನ ಕಿಟಕಿ ತೆರೆದಿತ್ತು. ನನ್ನ ಕುರ್ಚಿಯಲ್ಲಿ ಟೀಚರ್ ಕೂತಿದ್ದರು. ನಾನು ಅವರ ತಪ್ಪುಗಳನ್ನು ಎಣಿಸಲೆಂದೇ ಕಿಟಕಿಯ ಬಳಿ ನಿಂತೆ. ಇಂಗ್ಲಿಷಿನ ತಪ್ಪುಗಳು ಬೇಕಾದಷ್ಟು ಸಿಕ್ಕವು. ಆದರೆ ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲವಾದ್ದರಿಂದ ಆ ಹೆಂಗಸರು ನಾಚಿಕೆಯಿಲ್ಲದೆ ಮಾತಾಡುತ್ತಿದ್ದರು. ತಮ್ಮ ಮೈಮೇಲೆ ಆದದ್ದನ್ನು, ಅಕ್ಕತಂಗಿಯರಿಗೂ ಹೇಳದೆ ಇಟ್ಟುಕೊಂಡದ್ದನ್ನು, ಆ ಓರೆಮಾಡಿದ ಕಿವಿಗೆ ಹೇಳುತ್ತಿದ್ದರು. ನನ್ನ ಮುಂದೆ ಅಷ್ಟು ಹೇಳುತ್ತಿರಲಿಲ್ಲ ಎಂದು ನನಗೆ ಗೊತ್ತಾಯಿತು. ಗೊತ್ತಾದದ್ದರಿಂದ ಹೊಟ್ಟೆಕಿಚ್ಚು ಕಡಿಮೆಯಾಗುತ್ತದೆ ಎನ್ನುತ್ತಾರೆ. ನನಗೆ ಜಾಸ್ತಿಯಾಯಿತು. ಟೀಚರ್ ಬರೀ ಅದೃಷ್ಟದಿಂದ ನನ್ನ ಜಾಗದಲ್ಲಿ ಕೂತಿದ್ದರೆ ಸಹಿಸಿಕೊಳ್ಳಬಹುದಿತ್ತು.

ಕೊನೆಯ ದಿನ ವಿದೇಶಿ ಹೆಂಗಸು ಹೊರಡುವಾಗ ಟೀಚರ ಎರಡೂ ಕೈಗಳನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತರು. ಆಮೇಲೆ ನನ್ನ ಕಡೆ ತಿರುಗಿ, ನಗುತ್ತ, ಟೀ ಬಹಳ ಚೆನ್ನಾಗಿತ್ತು ಎಂದರು.

ಆ ಒಂದು ಮಾತನ್ನು ನಾನು ಎಷ್ಟು ದಿನ ಅಗಿದೆನೋ ಲೆಕ್ಕವಿಲ್ಲ. ಪಾಠ ಮಾಡುವಾಗ, ಬಸ್ಸಿನಲ್ಲಿ, ಸ್ನಾನ ಮಾಡುವಾಗ. ಮನೆಯಲ್ಲಿ ಯಾರಾದರೂ ಟೀ ಕೇಳಿದರೆ ಮೈ ಉರಿಯುತ್ತಿತ್ತು.

ಕೆಲವು ವಾರಗಳಾದ ಮೇಲೆ, ಒಂದು ಭಾನುವಾರ ಬೆಳಗ್ಗೆ, ಮಫ್ತಿಯಲ್ಲಿದ್ದ ಪೊಲೀಸಿನವನೊಬ್ಬ ನಮ್ಮ ಮನೆಗೆ ಬಂದ. ಬಹಳ ಮರ್ಯಾದೆಯಿಂದ ಮಾತಾಡಿದ. ಅಪ್ಪನ ಆರೋಗ್ಯ ವಿಚಾರಿಸಿದ. ಆಮೇಲೆ, "ಯಾದವಗಿರೀಲಿ ಹೊರದೇಶದೋರು ಬಂದಿದ್ರಲ್ಲ ಮೇಡಂ, ಅವ್ರಿಗೆ ಭಾಷಾಂತರ ಮಾಡಿದ್ದು ಯಾರು?" ಎಂದು ಕೇಳಿದ.

ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ವಕೀಲರನ್ನೇ ಕೇಳಿ ಎನ್ನಬಹುದಿತ್ತು. ನಾನು ಅಂದದ್ದು ಇದು:

"ಲಷ್ಕರ್ ಮೊಹಲ್ಲಾದ ಟೈಪಿಂಗ್ ಟೀಚರ್. ಎಲ್ಲಾ ಅವ್ರೇ ಮಾಡಿದ್ದು. ಕಾಗದಪತ್ರಾನೂ ಅವ್ರ ಹತ್ರಾನೇ ಇರ್ಬೇಕು. ನಾನು ಬರೀ ಟೀ ಕೊಟ್ಟೆ."

ಭಯದಿಂದ ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಭಯವಿತ್ತು, ನಿಜ. ಆದರೆ ಅದನ್ನು ಹೇಳುವಾಗ ನಾಲಿಗೆಗೆ ಒಂದು ರುಚಿ ಸಿಕ್ಕಿತ್ತು. ಅದು ಭಯದ ರುಚಿಯಲ್ಲ.

ಮಾರನೆಯ ದಿನವೇ ಟೀಚರನ್ನು ಠಾಣೆಗೆ ಕರೆಸಿದರು. ಒಂದು ವಾರ, ದಿನಾ ಬೆಳಗ್ಗೆಯಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿ ಕಳಿಸಿದರು. ಕೈ ಮಾಡಲಿಲ್ಲ. ಹೇಳಿಕೆ ಕೊಟ್ಟ ಹೆಂಗಸರ ಹೆಸರು ಮತ್ತು ಊರು ಹೇಳು ಎಂದು ಕೇಳಿದರು. ಪ್ರತಿಗಳೆಲ್ಲಿ ಎಂದು ಕೇಳಿದರು. ಟೀಚರ್ ಕಾರ್ಬನ್ ಹಾಳೆಗಳನ್ನು ಸೇರಿಸಿ ತಮ್ಮ ಬಳಿ ಇದ್ದದ್ದೆಲ್ಲವನ್ನೂ ಸ್ನಾನದ ಹಂಡೆಯ ಒಲೆಗೆ ಹಾಕಿ ಮುಗಿಸಿದ್ದರು. ಹೆಸರು ಕೇಳಿದಾಗ, "ಟೈಪ್ ಮಾಡಿದ್ದು ತಲೇಲಿ ನಿಲ್ಲಲ್ಲ ಸ್ವಾಮಿ, ಬೆರಳಿಂದಾನೇ ಹೋಗ್ಬುಡುತ್ತೆ" ಎಂದರಂತೆ.

ಯಂತ್ರಗಳನ್ನೆಲ್ಲ ಲಾರಿಗೆ ಹಾಕಿಕೊಂಡು ಹೋದರು. ಬೀದಿಯ ತುಂಬ ಜನ ನಿಂತು ನೋಡಿದರು. ಹೆಣ್ಣುಮಕ್ಕಳ ತಂದೆತಾಯಿಯರು ಮಕ್ಕಳನ್ನು ಬಿಡಿಸಿಕೊಂಡರು. ಎಂಟೊಂಬತ್ತು ತಿಂಗಳ ಮೇಲೆ ಯಂತ್ರಗಳು ಹಿಂದಕ್ಕೆ ಬಂದಾಗ ಅರ್ಧಕ್ಕರ್ಧ ತುಕ್ಕು ಹಿಡಿದಿದ್ದವು. ಆ ಹೊತ್ತಿಗೆ ಪಕ್ಕದ ರಸ್ತೆಯಲ್ಲಿ ಕಂಪ್ಯೂಟರ್ ಕ್ಲಾಸು ಶುರುವಾಗಿತ್ತು. ಇನ್‌ಸ್ಟಿಟ್ಯೂಟ್ ಮತ್ತೆ ತಲೆಯೆತ್ತಲಿಲ್ಲ. ಟೀಚರ್ ಕೋರ್ಟಿನ ಮುಂದೆ ಮರದ ಕೆಳಗೆ ಒಂದು ಮೇಜು ಹಾಕಿಕೊಂಡು ಅರ್ಜಿ ಹೊಡೆಯತೊಡಗಿದರು.

ಈ ಎಲ್ಲವನ್ನೂ ನನಗೆ ಹೇಳಿದವರು ವಕೀಲರು. ನಾನು ಮಾಡಿದ್ದು ಅವರಿಗೆ ಗೊತ್ತಿರಲಿಲ್ಲ. "ನಿನ್ನ ಪುಣ್ಯ ಕಣಮ್ಮ. ಇನ್ಯಾರಾದ್ರೂ ಭಾಷಾಂತರ ಮಾಡಿದ್ರಾ ಅಂತ ಎಷ್ಟು ಸಲ ಕೇಳಿದ್ರೂ ಟೀಚರ್ ನಾನೊಬ್ಬಳೇ ಅಂದ್ರಂತೆ. ನಿನ್ನ ಹೆಸರು ಎತ್ತಲೇ ಇಲ್ಲ" ಎಂದರು.

ಅದನ್ನು ಕೇಳಿದಾಗ ನನಗೆ ಮೊದಲು ಆದದ್ದು ನಾಚಿಕೆಯಲ್ಲ. ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ. ಮೊದಲು ಆದದ್ದು ಹೊಟ್ಟೆಕಿಚ್ಚು. ಆ ಹಾಲಿನಲ್ಲಿ ನಾನು ಅರ್ಧ ದಿನ ಕೂತಿದ್ದೆನೆಂಬ ಕುರುಹನ್ನೂ ಅವರು ಇಲ್ಲವಾಗಿಸಿದರಲ್ಲ, ಎಲ್ಲವೂ ಅವರ ಹೆಸರಿಗೇ ಆಯಿತಲ್ಲ ಎಂದು. ನಾಚಿಕೆ ಆಮೇಲೆ ಬಂತು. ಬಂದದ್ದು ಹೋಗಲಿಲ್ಲ.

ಹೊಸ ಶತಮಾನ ಬಂದ ಮೇಲೆ, ಹಲವು ಅರ್ಜಿ ಹೋರಾಟಗಳಾದ ಮೇಲೆ, ಆ ಸಾವುಗಳ ಬಗ್ಗೆ ಅಧಿಕೃತ ವಿಚಾರಣೆ ನಡೆಯಿತು. ವಿಚಾರಣೆಯವರು ಮೈಸೂರಿನಲ್ಲೂ ಕೆಲವು ದಿನ ಕೂತರು. ನಾನು ಕಾಲೇಜಿಗೆ ರಜೆ ಹಾಕಿ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಟೀಚರ್ ನನಗಿಂತ ಮುಂದೆ, ಕಂಬದ ಪಕ್ಕ ಕೂತಿದ್ದರು.

ಅದೇ ವಿಧವೆ ಬಂದು ನಿಂತಳು. ಕೂದಲು ನೆರೆತಿತ್ತು. ಪೊಲೀಸರ ಪರ ವಕೀಲ ಅವಳನ್ನು ಎರಡು ಗಂಟೆ ತಿರುಗಿಸಿ ಮುರುಗಿಸಿ ಕೇಳಿದ. ಹೊಡೆದದ್ದನ್ನು ನೀನು ನೋಡಿದೆಯಾ? ಎಷ್ಟು ಜನ ಹೊಡೆದರು? ಎಲ್ಲಿ ನಿಂತು ನೋಡಿದೆ? ಅವಳು ಒಂದೇ ಮಾತು ಹೇಳಿದಳು.

"ಆವತ್ತೇ ಏಳಿವ್ನಿ ಸ್ವಾಮಿ, ನಾ ನೋಡ್ನಿಲ್ಲ ಅಂತ. ಅಂಗಾಲು ನೋಡ್ದಿ. ಸುಟ್ಟ ಬದ್ನೇಕಾಯಿ ಆದಂಗಾಗಿದ್ದೊ."

ವಿಚಾರಣೆ ನಡೆಸುತ್ತಿದ್ದ ನಿವೃತ್ತ ನ್ಯಾಯಾಧೀಶರು, ವಿದೇಶಿ ಹೆಂಗಸು ಅಂದು ಕೊಂಡೊಯ್ದಿದ್ದ ಹಳೆಯ ಇಂಗ್ಲಿಷ್ ಹೇಳಿಕೆಯನ್ನು ಎತ್ತಿಕೊಂಡು ಓದಿದರು. ಕನ್ನಡಕ ತೆಗೆದು, ಇಷ್ಟು ವರ್ಷ ಕಳೆದರೂ ಈಕೆಯ ಮಾತಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾಗಿಲ್ಲ ಎಂದು ವಕೀಲನಿಗೆ ಹೇಳಿದರು. ವಕೀಲ ಕೂತುಕೊಂಡ. ಅವಳ ಗಂಡ ಸತ್ತದ್ದು ಶಿಬಿರದಲ್ಲಿ ಕೊಟ್ಟ ಹಿಂಸೆಯಿಂದಲೇ ಎಂದು ಮುಂದೆ ತೀರ್ಮಾನವಾಯಿತು. ಹೇಳಿಕೆ ಕೊಟ್ಟ ಇನ್ನೂ ಹಲವರ ವಿಷಯದಲ್ಲೂ ಹಾಗೇ ಆಯಿತು.

ಸಿಡಿಲು ಹೊಡೆದ ಮರ ಎಂಬ ನನ್ನ ಮಾತು ಆ ಕಾಗದದಲ್ಲಿ ಉಳಿದಿದ್ದರೆ, ಕಣ್ಣೆದುರೇ ಬಡಿದರು ಎಂಬ ನನ್ನ ವಾಕ್ಯ ಉಳಿದಿದ್ದರೆ, ಆ ಹೆಂಗಸು ಅಷ್ಟು ಜನರ ಮುಂದೆ ಸುಳ್ಳುಗಾತಿಯಾಗಿ ನಿಲ್ಲುತ್ತಿದ್ದಳು. ಟೀಚರ್ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು. ಆ ಕೋಣೆಯಲ್ಲಿ ಯಾರೂ ಅವರ ಕಡೆ ತಿರುಗಿ ನೋಡಲಿಲ್ಲ. ಅಂಥ ಹೊತ್ತಿನಲ್ಲೂ, ಯಾರೂ ನೋಡದಿದ್ದದ್ದು ನನಗೆ ಒಳಗೊಳಗೇ ಹಿತವಾಯಿತು.

ಹೇಳಿಬಿಡಬೇಕು ಎಂದು ನಿರ್ಧರಿಸಲು ನನಗೆ ಇನ್ನೂ ಎರಡು ವರ್ಷ ಬೇಕಾಯಿತು. ಅಷ್ಟರಲ್ಲಿ ಅವರಿಗೆ ಕಿಡ್ನಿಯ ಕಾಯಿಲೆ ಹಿಡಿದಿತ್ತು. ಲಷ್ಕರ್ ಮೊಹಲ್ಲಾದ ಓಣಿಯ ಮನೆಯಲ್ಲಿ ತಮ್ಮನ ಮಗಳು ನೋಡಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಹೋಗಿ ಮಂಚದ ಪಕ್ಕ ಕೂತೆ. ಅವರು ಅಭ್ಯಾಸದಂತೆ ಬಲಗಿವಿ ತಿರುಗಿಸಿದರು.

"ಟೀಚರ್, ಪೊಲೀಸಿನೋರಿಗೆ ನಿಮ್ಮ ಹೆಸರು ಹೇಳಿದ್ದು ನಾನು."

"ಗೊತ್ತು ಕಣಮ್ಮ."

"ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಬರ್ದು ಇಟ್ಕೊಂಡಿದ್ರು, ಇಂಥೋರು ಹೇಳಿದ್ದು ಅಂತ. ತಲೆಕೆಳಗಾಗಿ ಓದೋದು ಟೈಪಿಸ್ಟಿಗೆ ಏನ್ ಕಷ್ಟ?"

ಅವರೇ ಮುಂದುವರಿಸಿದರು.

"ನಂಗೂ ಕೋಪ ಬಂತು. ನಿನ್ನ ಹೆಸರು ನಾಲಿಗೆ ತುದೀಗೆ ಬಂದಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ? ನಾನೊಬ್ಬಳೇ ಅಂತ ಸುಳ್ಳು ಯಾಕೆ ಹೇಳಿದ್ರಿ?"

"ಸುಳ್ಳು ಹೇಳ್ಲಿಲ್ಲ ನಾನು. ಭಾಷಾಂತರ ಯಾರ್ ಮಾಡಿದ್ದು ಅಂತ ಕೇಳಿದ್ರು. ನೀನು ಮಾಡಿದ್ದು ಭಾಷಾಂತರ ಅಲ್ವಲ್ಲ."

ಅದನ್ನು ಅವರು ನಗದೆ ಹೇಳಿದರು. ಬಾಗಿಲ ಬಳಿ ನಿಂತಿದ್ದ ತಮ್ಮನ ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗೆ ಅಳುವೂ ಬಂತು, ಅದರ ಜೊತೆಗೇ ಆ ಹಳೆಯ ಉರಿಯೂ ಬಂತು. ಮಲಗಿದಲ್ಲಿಂದಲೇ ಗೆಲ್ಲುತ್ತಾರಲ್ಲ ಎಂದು.

"ಕ್ಷಮಿಸಿದೀನಿ ಅಂತ ಒಂದು ಮಾತು ಹೇಳಿ ಟೀಚರ್."

ಕೇಳಿದ್ದಕ್ಕೆ ಬೇಗ ಉತ್ತರ ಕೊಡುವವರಲ್ಲ ಅವರು.

"ಹಂಗಂದ್ರೆ ನಿಂಗೆ ಸಮಾಧಾನ ಆಗುತ್ತೆ. ನಂಗೆ ಇನ್ನೂ ಪೂರ್ತಿ ಆಗಿಲ್ಲ ಕಣಮ್ಮ. ಆ ಮೆಷಿನ್ನುಗಳು ನೆನಪಾದ್ರೆ ಇನ್ನೂ ಹೊಟ್ಟೆ ಚುರ್ ಅನ್ನುತ್ತೆ. ಆದಾಗ ಹೇಳ್ತೀನಿ. ನೀನು ಬರ್ತಾ ಇರು."

ನಾನು ಹೋಗುತ್ತಾ ಇದ್ದೆ. ಪ್ರತಿ ಶನಿವಾರ ಕಾಲೇಜು ಮುಗಿಸಿ ಹೋಗಿ, ವಕೀಲರಿಂದ ತಂದ ಕಾಗದಗಳನ್ನು ಅವರ ಮುಂದೆ ಓದುತ್ತಿದ್ದೆ. ಇನ್ನೂ ಪರಿಹಾರ ಸಿಗದ ಹೆಂಗಸರ ಹೇಳಿಕೆಗಳನ್ನು ನಾನು ಇಂಗ್ಲಿಷಿಗೆ ಮಾಡಿ ತಂದಿರುತ್ತಿದ್ದೆ. ಅವರು ಕನ್ನಡ ಒಮ್ಮೆ, ಇಂಗ್ಲಿಷ್ ಒಮ್ಮೆ ಕೇಳಿ, ಎಲ್ಲಿ ನಾನು ಒಂದು ಮಾತು ಸೇರಿಸಿದ್ದೇನೋ ಅಲ್ಲಿ ಬೆರಳೆತ್ತುತ್ತಿದ್ದರು. ಮೊದಮೊದಲು ಪುಟಕ್ಕೆ ಹತ್ತು ಸಲ ಬೆರಳು ಏಳುತ್ತಿತ್ತು. ಬರಬರುತ್ತ ಒಂದೆರಡು ಸಲಕ್ಕೆ ಬಂತು. ಒಂದು ಶನಿವಾರ ಎರಡು ಪುಟ ಓದಿ ಮುಗಿಸಿದರೂ ಬೆರಳು ಏಳಲಿಲ್ಲ. ನಿದ್ದೆ ಹೋದರೇನೋ ಎಂದು ನೋಡಿದೆ. ಎಚ್ಚರವಾಗಿಯೇ ಇದ್ದರು. "ಹೂಂ, ಮುಂದೆ" ಎಂದರು.

ಅವರು ಹೋದದ್ದು ಒಂದು ಬುಧವಾರ. ಅವರ ಪದ್ಧತಿಯಂತೆ ಕೂರಿಸಿ, ಹೂ ಹಾಕಿ, ವಿಭೂತಿ ಇಟ್ಟಿದ್ದರು. ಮಣ್ಣು ಮಾಡುವ ಹೊತ್ತಿಗೆ ಕಾಡಂಚಿನ ಊರುಗಳಿಂದ ಐದಾರು ಹೆಂಗಸರು ಬಸ್ಸು ಹಿಡಿದು ಬಂದಿದ್ದರು. ಆ ವಿಧವೆಯೂ ಇದ್ದಳು. ಅವರೆಲ್ಲ ಟೀಚರ ಪಾದ ಹಿಡಿದು ಮನೆಯವರಿಗಿಂತ ಹೆಚ್ಚು ಅತ್ತರು. ನಾನು ಅಷ್ಟು ದೂರದಲ್ಲಿ ನಿಂತಿದ್ದೆ. ಅವಳು ನನ್ನ ಹತ್ತಿರ ಬಂದು, ಕಣ್ಣೊರೆಸಿಕೊಳ್ಳುತ್ತ, "ನೀವು ಯಾರವ್ವ, ಅವ್ರ ಮಗಳಾ?" ಎಂದು ಕೇಳಿದಳು. ನನ್ನ ಗುರುತು ಅವಳಿಗೆ ಇರಲಿಲ್ಲ.

"ಅಲ್ಲ. ಅವ್ರ ಹತ್ರ ಕಲಿತೋಳು" ಎಂದೆ.

ತಿಥಿಯ ಊಟದ ದಿನ ತಮ್ಮನ ಮಗಳನ್ನು ಒಂದು ಕಡೆ ಕೂರಿಸಿಕೊಂಡು ಕೇಳಿದೆ, ಕೊನೆಯಲ್ಲಿ ನನಗೆಂದು ಏನಾದರೂ ಹೇಳಿದರಾ ಎಂದು. ಅವಳು ನೆನಪು ಮಾಡಿಕೊಳ್ಳಲು ಪ್ರಯತ್ನಿಸಿದಳು. ಒಳ್ಳೆಯ ಹುಡುಗಿ, ನನಗೆ ಹಿತವಾಗುವಂಥದ್ದು ಏನಾದರೂ ಹೇಳಬೇಕೆಂದು ಅವಳಿಗೆ ಆಸೆಯಿದ್ದದ್ದು ಮುಖದಲ್ಲಿ ಕಾಣುತ್ತಿತ್ತು. ಕೊನೆಗೆ, "ಶನಿವಾರ ನೀವು ಬರ್ತೀರಾ ಅಂತ ಕೇಳಿದ್ರು. ಅಷ್ಟೇ ಅಕ್ಕ" ಎಂದಳು.

ಆ ಕೇಳಿಕೆಯಲ್ಲಿ ಕ್ಷಮೆ ಇತ್ತೆಂದು ನಾನು ಬರೆಯಬಹುದು. ಓದುವವರೂ ಒಪ್ಪುತ್ತಾರೆ. ಆದರೆ ಟೀಚರ್ ಹೇಳಿದ್ದು, ಆದಾಗ ಹೇಳ್ತೀನಿ ಎಂದು. ಆಗಿದ್ದರೆ ಹೇಳುತ್ತಿದ್ದರು. ಹೇಳಲಿಲ್ಲ.